ಕೈ ಬಲ್ಲದ್ದನ್ನು ಬಾಯಿ ಹೇಳಬೇಕು

ಐಸಿಯುನಲ್ಲಿ ವರ್ಷಗಟ್ಟಲೆ ದುಡಿದ ನರ್ಸ್ ಒಬ್ಬರು ಹಾಸಿಗೆಯ ಬಳಿ ಬಂದವರೇ, ಮಾನಿಟರಿನ ಅಂಕಿಗಳು ಇನ್ನೂ ನೆಟ್ಟಗಿರುವಾಗಲೇ, ‘ಯಾಕೋ ಇವರು ಸರಿ ಕಾಣ್ತಿಲ್ಲ, ಡಾಕ್ಟರಿಗೆ ಹೇಳಿ’ ಎನ್ನುವುದುಂಟು. ಸ್ವಲ್ಪ ಹೊತ್ತಿನಲ್ಲೇ ಅವರ ಮಾತು ನಿಜವಾಗುವುದೂ ಉಂಟು. ಆದರೆ ಪಕ್ಕದಲ್ಲಿದ್ದ ವಿದ್ಯಾರ್ಥಿನಿ ‘ಹೇಗೆ ಗೊತ್ತಾಯ್ತು ಸಿಸ್ಟರ್?’ ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಹೀಗೇಕೆ ಎಂಬುದನ್ನು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪ್ಯಾಟ್ರಿಷಿಯಾ ಬೆನ್ನರ್ 1984ರಲ್ಲಿ ಹೊರತಂದ ಪುಸ್ತಕದಲ್ಲಿ ಬಿಡಿಸಿ ಹೇಳಿದರು. ಚದುರಂಗದ ಆಟಗಾರರನ್ನೂ ವಿಮಾನದ ಪೈಲಟ್‌ಗಳನ್ನೂ ಗಮನಿಸಿ ಡ್ರೈಫಸ್ ಸಹೋದರರು ರೂಪಿಸಿದ್ದ ಐದು ಹಂತಗಳ ಕಲಿಕೆಯ ಮಾದರಿಯನ್ನು ಅವರು ನರ್ಸುಗಳಿಗೆ ಹೊಂದಿಸಿ ನೋಡಿದರು. ಹೊಸಬರು ನಿಯಮ ಹಿಡಿದು ನಡೆಯುತ್ತಾರೆ. ಐದನೆಯ ಹಂತ ಮುಟ್ಟಿದವರು ನಿಯಮವನ್ನು ನೆನೆಯದೆಯೇ ಇಡೀ ಸನ್ನಿವೇಶವನ್ನು ಒಮ್ಮೆಗೇ ಗ್ರಹಿಸುತ್ತಾರೆ. ರೋಗಿಯ ಪಾಲಿಗೆ ಇದು ವರ. ಕಲಿಯಲು ಬಂದವರಿಗೆ ಇದೇ ತೊಡಕು. ನರ್ಸಿಂಗ್ ಶಿಕ್ಷಣದ ಮುಂದಾಳತ್ವ ಇಂಥ ನುರಿತ ನರ್ಸುಗಳಿಗೆ ಸಿಗಬೇಕು, ಆದರೆ ಕಲಿಸುವ ವಿದ್ಯೆಯನ್ನು ಅವರಿಗೆ ಬೇರೆಯಾಗಿಯೇ ಕಲಿಸಬೇಕು ಎಂಬುದು ಇವತ್ತಿನ ನನ್ನ ವಾದ.

ಉನ್ನತ ತರಬೇತಿ ಪಡೆದು, ರೋಗಿಯನ್ನು ತಾವೇ ಪರೀಕ್ಷಿಸಿ ನಿರ್ಧಾರ ಕೈಗೊಳ್ಳಬಲ್ಲ ನರ್ಸುಗಳನ್ನು ನರ್ಸ್ ಪ್ರಾಕ್ಟಿಷನರ್ ಎನ್ನುತ್ತಾರೆ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಜೊತೆಗೂಡಿ ಇದಕ್ಕೆ ಮೊದಲ ಪಾಠಕ್ರಮ ಆರಂಭಿಸಿದರು. ನಮ್ಮ ದೇಶದಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಚಿಕಿತ್ಸೆಗೆಂದು ಎರಡು ವರ್ಷದ ಸ್ನಾತಕೋತ್ತರ ಕೋರ್ಸನ್ನು ರೂಪಿಸಿದೆ. ಅದರಲ್ಲಿ ನೂರಕ್ಕೆ 80 ಪಾಲು ರೋಗಿಗಳ ನಡುವಿನ ಕೆಲಸ, 20 ಪಾಲು ಮಾತ್ರ ತರಗತಿಯ ಪಾಠ. ಇದು ಸರಿಯಾದ ಹಂಚಿಕೆಯೇ. ಇನ್ನೊಂದು ಕಡೆ ನಮ್ಮ ಎಂ.ಎಸ್ಸಿ. ನರ್ಸಿಂಗ್ ಇದೆ. ಅದರ ಮೊದಲ ವರ್ಷದಲ್ಲೇ ನರ್ಸಿಂಗ್ ಶಿಕ್ಷಣ ಎಂಬುದೊಂದು ಪೂರ್ಣ ವಿಷಯ. ಆ ಪದವಿ ಪಡೆದವರಲ್ಲಿ ಬಹಳ ಮಂದಿ ಕಾಲೇಜಿಗೆ ಹೋಗಿ ಪಾಠ ಹೇಳುತ್ತಾರೆ. ವರ್ಷ ಕಳೆದಂತೆ ವಾರ್ಡಿನ ಕೆಲಸ ಅವರಿಂದ ದೂರವಾಗುತ್ತದೆ. ಹೀಗೆ ಕಲಿಸಲು ಬಲ್ಲವರಿಗೆ ವಾರ್ಡು ದೂರ, ವಾರ್ಡನ್ನು ಬಲ್ಲವರಿಗೆ ತರಗತಿ ದೂರ. ಕಾಲೇಜಿನಲ್ಲಿ ಕಲಿತದ್ದೊಂದು, ಡ್ಯೂಟಿಯಲ್ಲಿ ಮಾಡುವುದೊಂದು ಎಂದು ಹೊಸ ನರ್ಸುಗಳು ಕಂಗೆಡುವುದರ ಬೇರು ಇಲ್ಲಿದೆ.

ಮುಂದಾಳತ್ವ ಎಂದಾಗ ಪ್ರಾಂಶುಪಾಲರ ಕುರ್ಚಿಯೊಂದೇ ನನ್ನ ಮನಸ್ಸಿನಲ್ಲಿಲ್ಲ. ಪಠ್ಯಕ್ರಮದಲ್ಲಿ ಏನಿರಬೇಕು, ಏನನ್ನು ಬಿಡಬೇಕು, ಯಾವ ಕೌಶಲವಿಲ್ಲದವರನ್ನು ಪಾಸು ಮಾಡಬಾರದು ಎಂದು ತೀರ್ಮಾನಿಸುವ ಸ್ಥಾನಗಳೆಲ್ಲ ಇದರಲ್ಲಿ ಸೇರುತ್ತವೆ. ಅಂಥ ಸ್ಥಾನಕ್ಕೆ ಬರುವ ನುರಿತ ನರ್ಸ್ ತಮ್ಮ ಕೈಗೆ ಒಗ್ಗಿಹೋದ ಕೆಲಸವನ್ನು ಮತ್ತೆ ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳಲು ಕಲಿಯಬೇಕು. ವೆಂಟಿಲೇಟರಿನಲ್ಲಿರುವ ರೋಗಿಯ ಕಫ ತೆಗೆಯುವಾಗ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ, ಯಾವಾಗ ಕೈ ತಡೆಯುತ್ತದೆ, ಏಕೆ ತಡೆಯುತ್ತದೆ, ಇವನ್ನು ಮಾತಿಗೆ ತರುವುದು ಸುಲಭವಲ್ಲ. ವಿದ್ಯಾರ್ಥಿನಿಯ ತಪ್ಪನ್ನು ರೋಗಿಯ ಮುಂದೆ ಅವಳ ಮುಖ ಸಣ್ಣದಾಗದಂತೆ, ಆದರೆ ರೋಗಿಗೆ ಅಪಾಯವಾಗುವ ಮೊದಲೇ ತಿದ್ದಬೇಕು. ಮೌಲ್ಯಮಾಪನ ಇನ್ನೂ ಕಷ್ಟದ್ದು. ಚೆನ್ನಾಗಿ ಬರೆದವಳು ಚೆನ್ನಾಗಿ ಮಾಡುತ್ತಾಳೆಂಬ ಖಾತ್ರಿಯಿಲ್ಲದಿರುವಾಗ ಎಲ್ಲರನ್ನೂ ಒಂದೇ ಅಳತೆಯಲ್ಲಿ ಪ್ರಾಯೋಗಿಕವಾಗಿ ಪರೀಕ್ಷಿಸುವುದಕ್ಕೆ ಸಿದ್ಧತೆ ಬೇಕು. ಅಮೆರಿಕದ ನರ್ಸಿಂಗ್ ಕಾಲೇಜುಗಳ ಸಂಘ 2006ರಲ್ಲಿ ವೃತ್ತಿಪರ ಡಾಕ್ಟರೇಟಿನ ಸ್ವರೂಪ ಹೇಳುವಾಗ ಇದನ್ನು ಒಪ್ಪಿಕೊಂಡಿತು: ಆ ಪದವಿ ಪಡೆದವರು ಅಧ್ಯಾಪಕರಾಗಬಯಸಿದರೆ ಬೋಧನಾಶಾಸ್ತ್ರದಲ್ಲಿ ಹೆಚ್ಚುವರಿ ಸಿದ್ಧತೆ ಇರಬೇಕು ಎಂದಿತು. ಅತ್ಯುಚ್ಚ ಪದವಿಯಷ್ಟೇ ಸಾಲದೆಂದು ಆ ಪದವಿಯನ್ನು ಪ್ರತಿಪಾದಿಸಿದವರೇ ಹೇಳಿದ್ದು ನನಗೆ ತುಂಬ ಮಹತ್ವದ್ದೆನಿಸುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ವೈದ್ಯರು ಕಲಿಸುವುದನ್ನು ಎಲ್ಲಿ ಕಲಿತಿದ್ದರು ಎಂದು ಕೇಳುವವರಿದ್ದಾರೆ. ಬಹುಕಾಲ ಕಲಿತಿರಲಿಲ್ಲ, ನಿಜ. ಆ ಕೊರತೆ ಕಂಡಿದ್ದರಿಂದಲೇ ಇಂದು ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಿಗೂ ವೈದ್ಯಕೀಯ ಶಿಕ್ಷಣದ ತರಬೇತಿ ನೀಡಲಾಗುತ್ತಿದೆ. ಎರಡನೆಯ ಆಕ್ಷೇಪ ತೂಕದ್ದು. ಆಸ್ಪತ್ರೆಯಲ್ಲಿ ಕೈಗಳು ಮೊದಲೇ ಸಾಲದಿರುವಾಗ ಒಳ್ಳೆಯ ನರ್ಸುಗಳನ್ನು ಕಾಲೇಜಿಗೆ ಎಳೆದುಕೊಂಡರೆ ರೋಗಿಯ ಗತಿಯೇನು? ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೆ ಇದು ಕಾಲೇಜು, ಆಸ್ಪತ್ರೆ ಎರಡೂ ಬೇರೆಬೇರೆ ಇಲಾಖೆಗಳೆಂಬ ಎಣಿಕೆಯ ಮೇಲೆ ನಿಂತಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ನರ್ಸಿಂಗ್ ಪದವಿ ಶಿಕ್ಷಣ 1946ರಲ್ಲೇ ಆರಂಭವಾಯಿತು. ಅಲ್ಲಿ ಬೋಧನೆ ಮತ್ತು ಸೇವೆ ಒಂದಕ್ಕೊಂದು ಹೆಣೆದುಕೊಂಡಿವೆ, ಪಾಠ ಹೇಳುವವರಿಗೆ ವಾರ್ಡಿನ ಹೊಣೆಯೂ ಇರುತ್ತದೆ. ಹಾಗಿದ್ದಾಗ ಅಧ್ಯಾಪಕಿಯಾದ ಮಾತ್ರಕ್ಕೆ ರೋಗಿ ಅವರನ್ನು ಕಳೆದುಕೊಳ್ಳುವುದಿಲ್ಲ. ವಾರದಲ್ಲಿ ಕೆಲವು ದಿನ ಹಾಸಿಗೆಯ ಬಳಿ, ಕೆಲವು ದಿನ ತರಗತಿಯಲ್ಲಿ ಎಂಬ ಜೋಡಿ ನೇಮಕಾತಿ ಮಾಡಲು ಅಡ್ಡಿಯಾಗಿರುವುದು ಬಹುಮಟ್ಟಿಗೆ ಟ್ಯೂಟರ್ ಮತ್ತು ಸ್ಟಾಫ್ ನರ್ಸ್ ಹುದ್ದೆಗಳನ್ನು ಬೇರೆಬೇರೆಯಾಗಿಡುವ ವೃಂದ ಮತ್ತು ನೇಮಕಾತಿ ನಿಯಮಗಳು. ನಿಯಮಗಳನ್ನು ತಿದ್ದಬಹುದು.

ಹೆರಿಗೆ ಸೇವೆಯಲ್ಲಿ ಸರ್ಕಾರವೇ ಸರಿಯಾದ ಕ್ರಮ ಹಿಡಿದಿದೆ. 2018ರ ಸೂಲಗಿತ್ತಿ ಸೇವೆಗಳ ರಾಷ್ಟ್ರೀಯ ಮಾರ್ಗಸೂಚಿ ನರ್ಸ್ ಪ್ರಾಕ್ಟಿಷನರುಗಳಿಗೆ 18 ತಿಂಗಳ ತರಬೇತಿ ಗೊತ್ತುಮಾಡಿತು. ಜೊತೆಗೆ, ಅವರಿಗೆ ಕಲಿಸುವ ಶಿಕ್ಷಕಿಯರನ್ನು ಮೊದಲು ಬೇರೆಯಾಗಿ ತಯಾರು ಮಾಡಬೇಕೆಂದು ಹೇಳಿತು. ತೀವ್ರ ನಿಗಾ ನರ್ಸುಗಳ ವಿಷಯದಲ್ಲೂ ಹೀಗೇ ಆಗಬೇಕು. 1947ರ ನರ್ಸಿಂಗ್ ಪರಿಷತ್ ಕಾಯಿದೆಯ ಜಾಗಕ್ಕೆಂದು ಸಂಸತ್ತು 2023ರಲ್ಲಿ ಹೊಸ ಆಯೋಗದ ಕಾಯಿದೆ ತಂದಿದೆ, ಅದರಲ್ಲಿ ಶಿಕ್ಷಣಕ್ಕೆಂದೇ ಒಂದು ಮಂಡಳಿಯಿದೆ. ಆ ಮಂಡಳಿಯಲ್ಲೂ, ಅದರ ಆಣತಿಯಂತೆ ನಡೆಯುವ ಪಠ್ಯಕ್ರಮ ಸಮಿತಿಗಳಲ್ಲೂ, ಇವತ್ತಿಗೂ ರಾತ್ರಿಪಾಳಿಯ ರೋಗಿಯನ್ನು ನೋಡುತ್ತಿರುವ ಮತ್ತು ಕಲಿಸುವುದನ್ನು ಕ್ರಮವಾಗಿ ಕಲಿತಿರುವ ನರ್ಸುಗಳಿಗೆ ಜಾಗ ಕೊಡಬೇಕೆಂದು ನಾನು ಕೇಳುತ್ತೇನೆ.