ಬರೆದದ್ದನ್ನು ಬಾಯಿಬಿಟ್ಟು ಓದಿ

(ಹಾಸ್ಟೆಲ್ ವಿದ್ಯಾರ್ಥಿಗಳ ಬರವಣಿಗೆ ಶಿಬಿರದಲ್ಲಿ ಆಡಿದ ಮಾತಿನ ಬರಹರೂಪ)



ನೀವು ಕರಪತ್ರ ಬರೀತೀರಿ, ಅರ್ಜಿ ಬರೀತೀರಿ, ಪದ್ಯ ಬರೀತೀರಿ. ಬರೆದ ಮೇಲೆ ಒಮ್ಮೆ ಕಣ್ಣಾಡಿಸಿ ಕೊಟ್ಟುಬಿಡ್ತೀರಿ. ಕಣ್ಣಾಡಿಸುವುದು ತಿದ್ದುವುದಲ್ಲ. ಹೇಳಬೇಕೆಂದುಕೊಂಡದ್ದು ನಿಮ್ಮ ತಲೆಯಲ್ಲಿ ಮೊದಲೇ ಇರುತ್ತದೆ. ಹಾಳೆಯಲ್ಲಿ ಒಂದು ಪದ ಬಿಟ್ಟುಹೋಗಿದ್ದರೂ ಕಣ್ಣು ಅದನ್ನು ತಾನೇ ತುಂಬಿಕೊಂಡು ಮುಂದೆ ಓಡುತ್ತದೆ. ನಾಲಿಗೆ ಹಾಗೆ ಓಡಲಾರದು. ಒಂದೊಂದೇ ಪದ ತುಳಿದು ನಡೆಯಬೇಕು. ಕಲ್ಲಿದ್ದ ಕಡೆ ಎಡವುತ್ತದೆ.

ನಮ್ಮ ಕರಪತ್ರಗಳಲ್ಲಿ ಇಂಥ ವಾಕ್ಯ ಬೇಕಾದಷ್ಟು ಸಿಗುತ್ತವೆ: “ಕುಡಿಯುವ ನೀರಿಗಾಗಿ ಸಾರ್ವಜನಿಕ ಬಾವಿಗೆ ತೆರಳಿದ ದಲಿತ ಮಹಿಳೆಯರ ಮೇಲೆ ಅಮಾನುಷವಾಗಿ ಹಲ್ಲೆ ನಡೆಸಲಾಗಿರುವುದು ಅತ್ಯಂತ ಖಂಡನೀಯವಾಗಿದ್ದು ಸಂಬಂಧಪಟ್ಟವರ ಮೇಲೆ ಸೂಕ್ತ ಕ್ರಮ ಜರುಗಿಸಬೇಕೆಂದು ಈ ಮೂಲಕ ಒತ್ತಾಯಿಸಲಾಗಿದೆ.” ನೋಡೋಕೆ ಘನವಾಗಿದೆ. ಈಗ ಇದನ್ನು ಕೇರಿಯಲ್ಲಿ ನಿಮ್ಮವ್ವನ ಮುಂದೆ ಗಟ್ಟಿಯಾಗಿ ಓದಿ. ಅರ್ಧದಲ್ಲೇ ಉಸಿರು ಕಟ್ಟುತ್ತೆ. ಮುಗಿದ ಮೇಲೆ ಅವ್ವ ಕೇಳೋದು ಒಂದೇ ಮಾತು: “ಅದ್ಸರಿ ಕಣಪ್ಪ, ಹೊಡದೋರು ಯಾರು?”

ಆ ವಾಕ್ಯದಲ್ಲಿ ಏಟು ಇದೆ, ಹೊಡೆದ ಕೈ ಇಲ್ಲ. ‘ನಡೆಸಲಾಯಿತು’, ‘ಜರುಗಿಸಲಾಗುವುದು’ ಇವೆಲ್ಲ ಕಚೇರಿ ಕನ್ನಡ. ಯಾರು ಮಾಡಿದರು ಅಂತ ಹೇಳದೆ ತಪ್ಪಿಸಿಕೊಳ್ಳೋಕೆ ಅಧಿಕಾರಿಗೆ ಅನುಕೂಲ. ನಮಗ್ಯಾಕೆ ಅದು? ಅವ್ವನಿಗೆ ಉತ್ತರ ಕೊಡುತ್ತಾ ಬರೆದರೆ ಹೀಗಾಗುತ್ತದೆ: ಹೆಂಗಸರು ಬಾವಿಗೆ ನೀರಿಗೆ ಹೋದರು. ಇಂಥಿಂಥವರು ಕೊಡ ಕಿತ್ತೆಸೆದು ಹೊಡೆದರು. ಅವರನ್ನು ಬಂಧಿಸಬೇಕು.

ಓದುವಾಗ ಮಾತ್ರ ಭಾಷಣದ ದನಿ ಬೇಡ. ಧಿಕ್ಕಾರ ಕೂಗೋ ದನಿಯಲ್ಲಿ ಓದಿದರೆ ಜೊಳ್ಳೂ ಗಟ್ಟಿಕಾಳಿನ ಹಾಗೇ ಕೇಳಿಸುತ್ತೆ. ಪಕ್ಕದ ಚಾಪೆಯವನಿಗೆ ಊರ ಸುದ್ದಿ ಹೇಳುವ ಹಾಗೆ ಓದಿ. ತೊದಲಿದ ಕಡೆ ಪೆನ್ಸಿಲಿನಲ್ಲಿ ಗೀಟು ಹಾಕಿ, ನಿಲ್ಲದೆ ಕೊನೆ ಮುಟ್ಟಿ, ಆಮೇಲೆ ತಿದ್ದಿ. ಅವನ ಕೈಲೇ ಓದಿಸಿ ನೀವು ಕೇಳಿಸಿಕೊಂಡರೆ ಇನ್ನೂ ಒಳ್ಳೆಯದು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಅಂತ ಅವನಿಗೆ ಗೊತ್ತಿಲ್ಲ. ಹಾಳೆಯಲ್ಲಿ ಇರೋದಷ್ಟೇ ಓದುತ್ತಾನೆ.

ಹೀಗೆ ಓದುವಾಗ ನಾಲಿಗೆ ತಾನಾಗಿ ಮನೆಮಾತಿಗೆ ಹೊರಳುತ್ತದೆ. ‘ಬಂದಿದ್ದಾನೆ’ ಅಂತ ಬರೆದದ್ದು ‘ಬಂದವ್ನೆ’ ಆಗುತ್ತೆ. ಕಥೆ, ಪದ್ಯದಲ್ಲಾದರೆ ನಾಚಿಕೊಂಡು ಅದನ್ನು ಮತ್ತೆ ಮೇಷ್ಟ್ರ ಕನ್ನಡಕ್ಕೆ ಎಳೆಯಬೇಡಿ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (1984) ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಕಣ್ಣಿಗೆ ತೊಡಕೆನಿಸಿದ ಪುಟವನ್ನು ದನಿ ಎತ್ತಿ ಓದಿ ನೋಡಿ, ಬಿಡಿಸಿಕೊಳ್ಳುತ್ತೆ. ಅರ್ಜಿಯ ಮಾತು ಬೇರೆ. ಅಲ್ಲಿ ಬರಹದ ಕನ್ನಡವೇ ಇರಲಿ, ತಾರೀಖು, ಜಾಗ, ಮಾಡಿದವನ ಹೆಸರು ಇರಲಿ.

ಇದು ಬರೀ ಸಾಹಿತ್ಯದ ವಿಷಯ ಅಂದುಕೊಳ್ಳಬೇಡಿ, ಕಾನೂನಿನಲ್ಲೇ ಇದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಕೆಳಗೆ 1995ರಲ್ಲಿ ಬಂದ ನಿಯಮಗಳಲ್ಲಿ 5ನೆಯದು ನೋಡಿ. ಬಾಯಲ್ಲಿ ಹೇಳಿದ ದೂರನ್ನು ಪೊಲೀಸರು ಬರೆದುಕೊಂಡು, ಹೇಳಿದವರಿಗೆ ಓದಿ ಹೇಳಬೇಕು. 2015ರ ತಿದ್ದುಪಡಿ ಇದನ್ನು ಕಾಯ್ದೆಯ 4ನೇ ಕಲಮಿಗೇ ಸೇರಿಸಿತು: ಸಹಿಗೆ ಮೊದಲು ಓದಿ ಹೇಳುವುದು ಅಧಿಕಾರಿಯ ಕರ್ತವ್ಯ. ದೂರಿನ ಪ್ರತಿಯನ್ನೂ ಕೊಡಬೇಕು, ದುಡ್ಡಿಲ್ಲದೆ.

ರಾತ್ರಿ ಹೊತ್ತು ಠಾಣೆಯಲ್ಲಿ ‘ಹಾಕಯ್ಯ ಹೆಬ್ಬೆಟ್ಟು’ ಅಂದರೆ ನಿಮ್ಮಪ್ಪ ಹಾಕಿಬಿಡ್ತಾರೆ. ಓದು ಕಲಿತವರು ನೀವು, ಜೊತೆಗೆ ಹೋಗಿ. “ಮೊದಲು ಓದಿ ಹೇಳಿ ಸಾರ್” ಅನ್ನಿ. ಅಪ್ಪ ಹೇಳಿದ ಹೆಸರೆಲ್ಲ ಅದರಲ್ಲಿವೆಯಾ ಕಿವಿಗೊಟ್ಟು ಕೇಳಿ. ‘ಹಲ್ಲೆ ನಡೆಸಲಾಗಿದೆ’ ಅಂತ ಬಂದರೆ ಅಲ್ಲೇ ತಡೀರಿ, ಯಾರು ಅಂತ ಬರೆಸಿ. ಆಮೇಲೆ ಹೆಬ್ಬೆಟ್ಟು. ಪ್ರತಿ ಇಸ್ಕೊಂಡು ಬನ್ನಿ.