ನೆಲ ದೊರೆತ ಮೇಲೆ

ಪುನರ್ವಸತಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೆಲ, ಮನೆ, ಪಡಿತರ. ಮನಸ್ಸಿಗೂ ಪುನರ್ವಸತಿ ಬೇಕೆಂಬುದು ತಡವಾಗಿ ಹೊಳೆಯುತ್ತದೆ. ಇದಕ್ಕೆ ದೂರದ ನಿದರ್ಶನ ಬೇಕಿಲ್ಲ.

1959ರ ತರುವಾಯ ಟಿಬೆಟ್ಟನ್ನು ತೊರೆದು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ನೆಲವನ್ನಿತ್ತಿತು. ಹಿಮದ ನಾಡಿನವರು ಕಾಡು ಕಡಿದು, ಆನೆಗಳ ಹಾವಳಿಯ ನಡುವೆ ಮುಸುಕಿನ ಜೋಳ ಬೆಳೆದರು. ಹೊಟ್ಟೆಗೆ ದಾರಿಯಾಯಿತು, ಹಿಂದೆ ಉಳಿದವರ ನೆನಪಿಗೆ ಮದ್ದು ಯಾವುದು?

ಟಿಬೆಟ್ಟಿನ ವೈದ್ಯದಲ್ಲಿ ‘ಲುಂಗ್’ ಎಂಬ ಮಾತುಂಟು. ನಮ್ಮ ಆಯುರ್ವೇದದ ವಾತಕ್ಕೆ ಸಮೀಪದ್ದು. ಪ್ರಾಣವಾಯು ಕದಡಿದರೆ ‘ಸೋಕ್ ಲುಂಗ್’: ನಿದ್ರಾಹೀನತೆ, ಎದೆಯ ಅಳುಕು, ತಡೆಯಲಾಗದ ಕಣ್ಣೀರು. ಮನೋವೈದ್ಯರು ಆತಂಕ, ಖಿನ್ನತೆ ಎಂದು ಕರೆಯುವುದನ್ನು ವೃದ್ಧೆಯೊಬ್ಬಳು ‘ನನ್ನ ಗಾಳಿ ಕೆಟ್ಟಿದೆ’ ಎಂದಾಳು. ಅದನ್ನು ಮೌಢ್ಯವೆಂದು ತಳ್ಳಿದ ವೈದ್ಯನೆದುರು ಆಕೆ ಮತ್ತೆ ಬಾಯಿ ತೆರೆಯಲಾರಳು. ಆ ಮಾತನ್ನು ಮನ್ನಿಸಿದವನು ಕೊಟ್ಟ ಗುಳಿಗೆಯನ್ನು ನಂಬಿ ನುಂಗಿಯಾಳು.

ಗುಳಿಗೆಯೊಂದೇ ಸಾಲದು. ಬೈಲಕುಪ್ಪೆಯವರಿಗೆ ಒಟ್ಟಾಗಿ ನೆಲೆಸುವ ಭಾಗ್ಯ ದೊರೆಯಿತು. ತಮ್ಮ ಶಾಲೆ, ಸಹಕಾರ ಸಂಘ, 1963ರಲ್ಲಿ ಸ್ಥಾಪಿತವಾದ ನಾಮ್ಡ್ರೋಲಿಂಗ್ ಮಠ, ಅದೇ ನುಡಿಯಾಡುವ ನೆರೆಮನೆ – ಇವು ಚಿಕಿತ್ಸೆಯ ಹೆಸರಿಲ್ಲದ ಚಿಕಿತ್ಸೆ. ಚದುರಿಸಿ ನೆಲೆಗೊಳಿಸಿದ ನಿರಾಶ್ರಿತನಿಗೆ ಸೂರು ದೊರೆತರೂ ಈ ಆಸರೆ ಇಲ್ಲ.

ಈಗ ಆ ಆಸರೆಯೂ ತೆಳುವಾಗುತ್ತಿದೆ. ತರುಣರು ಅಮೆರಿಕ, ಯೂರೋಪುಗಳತ್ತ ಹೊರಟಿದ್ದಾರೆ. ಬಾಲ್ಯದಲ್ಲಿ ನಾಡನ್ನು ಅಗಲಿದವರು ಮುಪ್ಪಿನಲ್ಲಿ ಮಕ್ಕಳನ್ನು ಅಗಲುತ್ತಿದ್ದಾರೆ. ಅವರಿಗೆ ಬೇಕಾದದ್ದು ಎರಡು: ಅವರ ನುಡಿ ಬಲ್ಲ ವೈದ್ಯ ಅಥವಾ ದುಭಾಷಿ, ಸಂಜೆ ಬಾಗಿಲು ತಟ್ಟುವ ನೆರೆಯವರು. ಎರಡನೆಯದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ. ಆ ನೆರೆಯವರು ಕನ್ನಡಿಗರೂ ಆಗಬಹುದು.