ಕಾಡಿಗೆಯ ತಟ್ಟೆಯಿಂದ ನ್ಯಾನೊ ಕಣದವರೆಗೆ



ನಮ್ಮಜ್ಜಿ ಮನೆಯಲ್ಲೇ ಕಾಡಿಗೆ ಮಾಡುತ್ತಿದ್ದರು. ಹರಳೆಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆಯನ್ನು ಬೋರಲು ಹಾಕಿ ರಾತ್ರಿಯಿಡೀ ಬಿಡುತ್ತಿದ್ದರು. ಬೆಳಿಗ್ಗೆ ತಟ್ಟೆಗೆ ಹತ್ತಿದ ಮಸಿಯನ್ನು ಕೆರೆದು ತುಪ್ಪದಲ್ಲಿ ಕಲಸುತ್ತಿದ್ದರು. ಬೆರಳಲ್ಲಿ ಎಷ್ಟು ಉಜ್ಜಿದರೂ ಒಂದು ತರಿ ಸಿಗುತ್ತಿರಲಿಲ್ಲ. ಸಿಗುವುದಾದರೂ ಹೇಗೆ? ಮಸಿಯ ಒಂದೊಂದು ಕಣವೂ ಕೆಲವು ಹತ್ತು ನ್ಯಾನೊಮೀಟರ್ ಅಷ್ಟೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ನ್ಯಾನೊಮೀಟರ್. ಉರಿಯಲ್ಲಿ ಹುಟ್ಟಿದ್ದು ದಪ್ಪವಾಗುವ ಮೊದಲೇ ಅದನ್ನು ತಣ್ಣಗೆ ಮಾಡಿ ಹಿಡಿದುಕೊಳ್ಳುವುದು, ಲೋಹದ ಆಕ್ಸೈಡುಗಳ ನ್ಯಾನೊ ಪುಡಿ ತಯಾರಿಸುವವರ ಕಸುಬೂ ಇದೇ.

1942ರಲ್ಲಿ ಜರ್ಮನಿಯ ಡೆಗುಸ್ಸಾ ಕಂಪನಿಯ ಹ್ಯಾರಿ ಕ್ಲೋಪ್ಫರ್ ಕಪ್ಪು ಮಸಿಗೆ ಬದಲಾಗಿ ಬಿಳಿಯ ಮಸಿಯನ್ನೇ ಮಾಡಿದರು. ಸಿಲಿಕಾನ್ ಟೆಟ್ರಾಕ್ಲೋರೈಡಿನ ಆವಿಯನ್ನು ಜಲಜನಕದ ಉರಿಗೆ ಹಾಯಿಸಿದಾಗ ಮರಳಿನದೇ ರಾಸಾಯನಿಕ ರೂಪದ, ಆದರೆ ಹೊಗೆಯಷ್ಟು ಹಗುರವಾದ ಸಿಲಿಕಾ ಪುಡಿ ಸಿಕ್ಕಿತು. ಏರೋಸಿಲ್ ಹೆಸರಿನ ಆ ಪುಡಿ ಇವತ್ತಿಗೂ ಬಣ್ಣ, ರಬ್ಬರು, ಮಾತ್ರೆಗಳಲ್ಲಿ ಬಳಕೆಯಲ್ಲಿದೆ. ಆದರೆ ಸುಲಭವಾಗಿ ಆವಿಯಾಗುವ ಅಗ್ಗದ ಸಂಯುಕ್ತ ಎಲ್ಲ ಲೋಹಕ್ಕೂ ಇರುವುದಿಲ್ಲ. ನೀರಿನಲ್ಲಿ ಕರಗುವ ಲವಣಗಳು ಮಾತ್ರ ಬೇಕಾದಷ್ಟಿವೆ.

ಹಾಗಾದರೆ ಕರಗಿಸಿ ಸಿಂಪಡಿಸೋಣ ಎಂಬ ಯೋಚನೆಯೇ ಸ್ಪ್ರೇ ಪೈರಾಲಿಸಿಸ್. ಅಮೆರಿಕದ ಚೇಂಬರ್ಲಿನ್ ಮತ್ತು ಸ್ಕಾರ್ಮನ್ 1966ರಲ್ಲಿ ಬಿಸಿ ಗಾಜಿನ ಮೇಲೆ ದ್ರಾವಣ ಸಿಂಪಡಿಸಿ, ಸೌರಕೋಶಕ್ಕೆಂದು ಕ್ಯಾಡ್ಮಿಯಂ ಸಲ್ಫೈಡಿನ ತೆಳುಪದರ ಮಾಡಿದ್ದರು. ಪುಡಿ ಬೇಕಾದರೆ ಗಾಜು ಬೇಡ. ಮಂಜಿನಂಥ ತುಂತುರನ್ನು ಕಾದ ಕೊಳವೆಯೊಳಗೆ ಹಾಯಿಸಿದರೆ ಸಾಕು. ನೀರು ಆರುತ್ತದೆ, ಲವಣ ಒಡೆಯುತ್ತದೆ, ಆಕ್ಸೈಡ್ ಉಳಿಯುತ್ತದೆ. ಸಿಲ್ವರ್ ನೈಟ್ರೇಟ್ ಆದರೆ ಶುದ್ಧ ಬೆಳ್ಳಿಯೇ ಉಳಿಯುತ್ತದೆ.

ತೊಡಕಿದ್ದದ್ದು ಇಲ್ಲೇ. ಒಂದು ಹನಿಗೆ ಒಂದೇ ಕಣ. 5 ಮೈಕ್ರೊಮೀಟರಿನ ಹನಿಯಿಂದ 50 ನ್ಯಾನೊಮೀಟರಿನ ಕಣ ಬೇಕೆಂದರೆ, ಹನಿಯ ಘನಫಲದ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟೇ ಘನಪದಾರ್ಥ ಅದರಲ್ಲಿರಬೇಕು. ಅಷ್ಟು ನೀರು ಕಾಯಿಸಿ ಯಾರು ಪುಡಿ ಮಾಡಿಯಾರು? ಉರಿ ಜೋರಾದರೆ ಇನ್ನೊಂದು ಕಷ್ಟ: ಹನಿಯ ಮೇಲ್ಪದರ ಮೊದಲು ಗಟ್ಟಿಯಾಗಿ, ಪೂರಿಯಂತೆ ಒಳಗೆ ಟೊಳ್ಳಾದ ಕಣ ಬರುತ್ತದೆ.

ಇದಕ್ಕೆ ಎರಡು ದಾರಿ ಸಿಕ್ಕಿದವು. ಪೋಲೆಂಡಿನ ಸೊಕೊಲೋವ್‌ಸ್ಕಿ ಮತ್ತು ಸಂಗಡಿಗರು 1977ರಲ್ಲಿ ಅಲ್ಯೂಮಿನಿಯಂ ಸಂಯುಕ್ತವನ್ನು ನೀರಿನ ಬದಲು ಬೆಂಜೀನಿನಲ್ಲಿ ಕರಗಿಸಿದರು. ಈಗ ಹನಿಯೇ ಹೊತ್ತಿ ಉರಿಯಿತು, ಒಳಗಿದ್ದದ್ದೆಲ್ಲ ಆವಿಯಾಯಿತು, ಆ ಆವಿಯಿಂದ ಕಣಗಳು ಹೊಸದಾಗಿ ಹುಟ್ಟಿದವು. ಹನಿಯ ಗಾತ್ರದ ಹಂಗೇ ಇಲ್ಲ. ಈ ವಿದ್ಯೆಯನ್ನು ಮುಂದೆ ಚೆನ್ನಾಗಿ ಬೆಳೆಸಿದವರಲ್ಲಿ ಜ್ಯೂರಿಕ್‌ನ ಸೊಟಿರಿಸ್ ಪ್ರಾಟ್ಸಿನಿಸ್ ಮುಖ್ಯರು. 2003ರ ಹೊತ್ತಿಗೆ ಅವರ ಪ್ರಯೋಗಾಲಯದಲ್ಲಿ ಗಂಟೆಗೆ 1.1 ಕಿಲೊ ಸಿಲಿಕಾ ತಯಾರಾಗುತ್ತಿತ್ತು. ಅದೇ ಊರಿನ ವೆಂಡೆಲಿನ್ ಸ್ಟಾರ್ಕ್ 2006ರಲ್ಲಿ ಉರಿಗೆ ಆಮ್ಲಜನಕವನ್ನು ಬೇಕೆಂದೇ ಕಡಿಮೆ ಕೊಟ್ಟು, ಆಕ್ಸೈಡ್ ಅಲ್ಲ, ಕೋಬಾಲ್ಟ್ ಲೋಹವನ್ನೇ ಪಡೆದರು. ಉರಿಯೊಳಗೆ ಲೋಹ ಸುಡದೆ ಉಳಿಯಿತೆಂದರೆ ಸಣ್ಣ ಮಾತಲ್ಲ.

ಎರಡನೆಯ ದಾರಿ ಜಪಾನಿನದು. ಒಕುಯಾಮ ಮತ್ತು ಸಂಗಡಿಗರು 2001ರಲ್ಲಿ ದ್ರಾವಣಕ್ಕೆ ಬೇರೊಂದು ಲವಣ ಬೆರೆಸಿದರು. ಕುಲುಮೆಯಲ್ಲಿ ಅದು ಕರಗಿ ಒಂದೇ ಹನಿಯೊಳಗೆ ಹುಟ್ಟಿದ ಕಣಕ್ಕೂ ಕಣಕ್ಕೂ ನಡುವೆ ನಿಂತಿತು, ಅವು ಅಂಟಿಕೊಳ್ಳಲಿಲ್ಲ. ಆಮೇಲೆ ನೀರಿನಲ್ಲಿ ತೊಳೆದರಾಯಿತು.

ಉರಿಯಲ್ಲಿ ಪುಡಿ ಮಾಡುವ ಈ ವಿದ್ಯೆಯ ನೆಂಟಸ್ತಿಕೆಯ ಇನ್ನೊಂದು ಕೆಲಸ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲ ಮತ್ತು ಕಿಂಗ್ಸ್‌ಲಿ ಅಲ್ಯೂಮಿನಿಯಂ ನೈಟ್ರೇಟಿಗೆ ಯೂರಿಯಾ ಬೆರೆಸಿ 500 ಡಿಗ್ರಿಯ ಕುಲುಮೆಯಲ್ಲಿಟ್ಟರು. ಮಿಶ್ರಣ ಕುದಿದು, ನೊರೆಯುಕ್ಕಿ, ತಾನೇ ಹೊತ್ತಿಕೊಂಡಿತು. ಐದು ನಿಮಿಷದಲ್ಲಿ ಬೆಳ್ಳನೆಯ ಅಲ್ಯೂಮಿನಾ ಪುಡಿ! 1988ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಸಿಂಪಡಿಸುವ ಯಂತ್ರವೂ ಬೇಕಿಲ್ಲ. ಅದಕ್ಕೇ ಇದು ದೊಡ್ಡ ಸಾಧನ ಕೊಳ್ಳಲಾಗದ ಕಾಲೇಜುಗಳಿಗೂ ತಲುಪಿತು.

ಆ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ಪುಡಿ ಉಸಿರಿಗೇ ಹಾರುವಷ್ಟು ಹಗುರ, ಶ್ವಾಸಕೋಶದ ಆಳಕ್ಕೂ ಇಳಿಯುತ್ತದೆ. ಉರಿಸುವಾಗ ಹೊಗೆಗೂಡಿನ ಕೆಳಗೇ ಉರಿಸಿ, ಪುಡಿ ಮುಟ್ಟುವ ಮೊದಲು ಮುಖಗವಸು ಹಾಕಿಕೊಳ್ಳಿ.